ಯುದ್ಧಕ್ಕಿಂತ ಮೊದಲಿನ ಹತ್ತು ನಿಮಿಷ: ಮಾಜಿ ಸೈನಿಕರ ಧ್ವನಿಸಂಗ್ರಹವೊಂದರ ವಿಮರ್ಶೆ

2023ರ ಬೇಸಿಗೆಯಲ್ಲಿ ನನ್ನ ಮಗನಿಗೆ 18 ವರ್ಷ ತುಂಬಿದಾಗ, ಅಮೆರಿಕದ ಕಾನೂನಿನಂತೆ ಅವನು ‘ಸೆಲೆಕ್ಟಿವ್ ಸರ್ವಿಸ್’ ಎಂಬ ಸರಕಾರಿ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಬೇಕಾಯಿತು. ಈ ದೇಶದ ಪೌರತ್ವವಿರುವ ಅಥವಾ ಗ್ರೀನ್ ಕಾರ್ಡ್ ಪಡೆದು ನೆಲೆಸಿರುವ ಗಂಡುಮಕ್ಕಳಿಗೆಲ್ಲ ಅನ್ವಯಿಸುವ ನಿಯಮ ಅದು. ಬೇಕೆಂದೇ ತಪ್ಪಿಸಿಕೊಂಡವರಿಗೆ 2.5 ಲಕ್ಷ ಡಾಲರ್‌ವರೆಗೆ ದಂಡ, 5 ವರ್ಷದವರೆಗೆ ಸೆರೆವಾಸ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. ಮಗ ಎಡಗೈಯಲ್ಲಿ ಫೋನು ಹಿಡಿದು, ಬಲಗೈಯಲ್ಲಿ ಮೊಸರನ್ನ ಕಲಸುತ್ತಲೇ ಐದು ನಿಮಿಷದಲ್ಲಿ ಅರ್ಜಿ ತುಂಬಿ ಮುಗಿಸಿದ. ಕೆಲವು ವಾರಗಳ ನಂತರ ನೋಂದಣಿಯ ಕಾರ್ಡು ಅಂಚೆಯಲ್ಲಿ ಬಂದಾಗ ನನ್ನ ಹೆಂಡತಿ ಅದನ್ನು ಒಂದು ಕ್ಷಣವೂ ಹೊರಗಿಡದೆ, ಪಾಸ್‌ಪೋರ್ಟುಗಳನ್ನಿಡುವ ಡಬ್ಬಿಯ ತಳಕ್ಕೆ ಸೇರಿಸಿದಳು. 1973ರಿಂದ ಈಚೆಗೆ ಅಮೆರಿಕ ಯಾರನ್ನೂ ಬಲವಂತವಾಗಿ ಸೇನೆಗೆ ಕರೆದಿಲ್ಲ, ಇದು ಬರೀ ಹೆಸರಿನ ಪಟ್ಟಿ ಎಂದು ನಾನು ಎಷ್ಟು ಹೇಳಿದರೂ, “ಪಟ್ಟಿ ಮಾಡಿ ಇಟ್ಟುಕೊಂಡಿದ್ದಾರೆ ಅಂದಮೇಲೆ ಯಾವತ್ತೋ ಕರೆಯುವುದಕ್ಕೇ ಅಲ್ಲವೇನ್ರೀ?” ಎಂದು ಒಂದೇ ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಿದಳು.

ಹಾಸನದ ಕಡೆಯ ನಮ್ಮಿಬ್ಬರ ಮನೆತನಗಳಲ್ಲೂ, ಸೇನೆಗೆ ಬರಲೇಬೇಕೆಂದು ಸರಕಾರ ಕಳಿಸುವ ಕಾಗದವನ್ನು ಕಂಡವರಿಲ್ಲ. ಎರಡನೆಯ ಮಹಾಯುದ್ಧದ ಕಾಲಕ್ಕೆ 25 ಲಕ್ಷಕ್ಕೆ ಮುಟ್ಟಿದ್ದ ಭಾರತೀಯ ಸೇನೆ ಕೂಡ ತಾವಾಗಿ ಸೇರಿದವರದ್ದೇ ಆಗಿತ್ತು, ಮನೆಮನೆಯಲ್ಲೂ ಸೈನಿಕರ ಫೋಟೋ ತೂಗುವ ಕೊಡಗಿನಲ್ಲಿಯೂ ಭರ್ತಿ ಎಂದರೆ ಹುಡುಗ ತಾನೇ ಹೋಗಿ ಸಾಲಿನಲ್ಲಿ ನಿಲ್ಲುವುದು. ಹಾಗಾಗಿಯೇ ಇರಬೇಕು, ಈ ಕಾಗದಕ್ಕೆ ಕನ್ನಡದಲ್ಲಿ ಬಳಕೆಯ ಹೆಸರೇ ಇಲ್ಲ. ಅಮೆರಿಕನ್ನರು ಅನ್ನುವ ‘ಡ್ರಾಫ್ಟ್’ ಎಂದರೆ ನಮ್ಮವರಿಗೆ ಬ್ಯಾಂಕಿನ ಡಿ.ಡಿ. ನೆನಪಾಗುತ್ತದೆ, ‘ಕರೆಯೋಲೆ’ ಎಂದರೆ ಅರಿಸಿನ ಕುಂಕುಮ ಹಚ್ಚಿದ ಮದುವೆಯ ಪತ್ರಿಕೆ. ಬೇರೆ ಪದ ಸಿಗದ ಕಾರಣ ಈ ಬರಹದಲ್ಲಿ ಕರೆಯೋಲೆ ಎಂಬುದನ್ನೇ ಬಳಸುತ್ತೇನೆ, ಮದುವೆಮನೆಯವರು ಕ್ಷಮಿಸಬೇಕು.

ಹೆಂಡತಿಗೆ ಕೊಡಲಾಗದ ಉತ್ತರವನ್ನು ಹುಡುಕುತ್ತ ನನಗೆ ಸಿಕ್ಕಿದ್ದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸುವ ‘ವೆಟರನ್ಸ್ ಹಿಸ್ಟರಿ ಪ್ರಾಜೆಕ್ಟ್’ ಎಂಬ, ಮಾಜಿ ಸೈನಿಕರ ನೆನಪುಗಳ ಸಂಗ್ರಹ. ಎರಡು ವರ್ಷಗಳಿಂದ ಅದನ್ನು ಕೇಳುಗನಾಗಿ ಬಳಸುತ್ತಿದ್ದೇನೆ, ಒಮ್ಮೆ ಧ್ವನಿಮುದ್ರಣವೊಂದನ್ನು ಸಿದ್ಧಪಡಿಸಿ ಒಪ್ಪಿಸಿಯೂ ಇದ್ದೇನೆ. ಉಚಿತವಾದ ಸೇವೆಗೆ ವಿಮರ್ಶೆ ಏಕೆ ಎನ್ನಬಹುದು. ಹಣ ಖರ್ಚಾಗದಿದ್ದರೂ ಸಮಯ ಖರ್ಚಾಗುತ್ತದೆ, ಅದೂ ಗಂಟೆಗಟ್ಟಲೆ. ಆದ್ದರಿಂದ ಎಲ್ಲಿಂದ ಕೇಳಲು ತೊಡಗಬೇಕು, ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಬರೆದಿಡುವುದು ಇಲ್ಲಿ ನೆಲೆಸಿರುವ ಕನ್ನಡದ ತಂದೆತಾಯಿಗಳಿಗಾದರೂ ಉಪಯೋಗಕ್ಕೆ ಬರಬಹುದು.

ಯೋಜನೆ ಹುಟ್ಟಿದ ಬಗೆಯೇ ಮನೆಮಂದಿಯ ಮಾತುಕತೆಯದು. ವಿಸ್ಕಾನ್ಸಿನ್ ರಾಜ್ಯದ ಸಂಸದ ರಾನ್ ಕೈಂಡ್ ಅವರು ಮನೆಯವರೆಲ್ಲ ಸೇರಿದ್ದ ಒಂದು ದಿನ ತಮ್ಮ ತಂದೆ ಮತ್ತು ಚಿಕ್ಕಪ್ಪ ಯುದ್ಧದ ದಿನಗಳ ಬಗ್ಗೆ ಆಡುತ್ತಿದ್ದ ಮಾತನ್ನು ಕೇಳಿ, ಇದನ್ನು ಯಾರೂ ಬರೆದಿಟ್ಟಿಲ್ಲವಲ್ಲ ಎಂದುಕೊಂಡದ್ದರಿಂದ ಇದರ ಆಲೋಚನೆ ಮೊಳೆಯಿತು. ಸೆನೆಟ್ಟಿನಲ್ಲಿ ಮಸೂದೆಗೆ ಹೆಗಲು ಕೊಟ್ಟವರು ಚಕ್ ಹೇಗಲ್ ಮತ್ತು ಮ್ಯಾಕ್ಸ್ ಕ್ಲೀಲಂಡ್. ಇಬ್ಬರೂ ವಿಯೆಟ್ನಾಂನಲ್ಲಿ ಹೋರಾಡಿದವರು, ಕ್ಲೀಲಂಡ್ ಅಲ್ಲಿ ಎರಡೂ ಕಾಲು ಮತ್ತು ಬಲಗೈಯನ್ನು ಕಳೆದುಕೊಂಡವರು. 2000ನೇ ಇಸವಿಯ ಅಕ್ಟೋಬರ್ 27ರಂದು ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಮೇಲೆ ಅದು ಕಾಯಿದೆಯಾಯಿತು. ಮೊದಲನೆಯ ಮಹಾಯುದ್ಧದಿಂದ ಇತ್ತೀಚಿನ ಯುದ್ಧಗಳವರೆಗೆ ಸೇವೆ ಸಲ್ಲಿಸಿದ 1 ಲಕ್ಷಕ್ಕೂ ಹೆಚ್ಚು ಮಂದಿಯ ಸಂದರ್ಶನ, ಕಾಗದಪತ್ರ, ಫೋಟೋಗಳು ಈಗ ಅಲ್ಲಿವೆ. ಇದೇ ಗ್ರಂಥಾಲಯದ ದೆಹಲಿ ಕಚೇರಿಯವರು ಕನ್ನಡದ ಲೇಖಕರು ಸ್ವತಃ ಓದಿದ್ದನ್ನೂ ಮುದ್ರಿಸಿಟ್ಟಿದ್ದಾರೆ ಎಂಬುದು ಈ ವಿಷಯಕ್ಕೆ ಹೊರತಾದರೂ ಹೇಳದೆ ಇರಲಾರೆ. ಮನುಷ್ಯರ ಧ್ವನಿಯನ್ನು ಕಾಪಿಡುವ ಚಪಲ ಅವರಿಗೆ ಹಳೆಯದು.

ಕೇಳುಗರಲ್ಲಿ ಹೆಚ್ಚಿನವರು ಮಾಡುವ ತಪ್ಪನ್ನೇ ಮೊದಲ ತಿಂಗಳು ನಾನೂ ಮಾಡಿದೆ. ಸಂದರ್ಶನದ ಆರಂಭವನ್ನು ಹಾರಿಸಿ, ಕಾದಾಟದ ಭಾಗಕ್ಕೆ ನೇರವಾಗಿ ಹೋಗುತ್ತಿದ್ದೆ. ಹುಟ್ಟಿದ ಊರು, ಓದಿದ ಶಾಲೆ, ಅಪ್ಪನ ಕಸುಬು ಇವೆಲ್ಲ ಪೀಠಿಕೆ ಎಂದು ನನ್ನ ಲೆಕ್ಕ. ಈ ಸಂಗ್ರಹದ ನಿಜವಾದ ಬೆಲೆ ಇರುವುದು ಆ ಪೀಠಿಕೆಯಲ್ಲೇ, ಮೊದಲ ಹತ್ತು ನಿಮಿಷದಲ್ಲೇ. ಸಂದರ್ಶನ ಮಾಡುವವರಿಗೆ ಗ್ರಂಥಾಲಯ ಸೂಚಿಸುವ ಪ್ರಶ್ನೆಗಳ ಪಟ್ಟಿಯಲ್ಲಿ ಆರಂಭದಲ್ಲೇ ಬರುವ ಎರಡು ಸರಳ ಪ್ರಶ್ನೆಗಳಿವೆ: ನಿಮ್ಮನ್ನು ಕರೆದರೋ, ನೀವಾಗಿ ಸೇರಿದಿರೋ? ಆಗ ಎಲ್ಲಿ ವಾಸವಾಗಿದ್ದಿರಿ? ಯುದ್ಧಭೂಮಿಯ ಕತೆಯನ್ನು ಈ ಮುದುಕರು ಹತ್ತಾರು ಬಾರಿ ಹೇಳಿ ಹೇಳಿ ನುಣುಪು ಮಾಡಿಟ್ಟುಕೊಂಡಿರುತ್ತಾರೆ. ಎಲ್ಲಿ ನಗಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಅವರಿಗೆ ಬಾಯಿಪಾಠ. ಕರೆಯೋಲೆಯ ದಿನದ ಬಗ್ಗೆ ಮಾತ್ರ ಅವರನ್ನು ಯಾರೂ ಅಷ್ಟಾಗಿ ಕೇಳಿರುವುದಿಲ್ಲ. ಆದ್ದರಿಂದ ಆ ಪ್ರಶ್ನೆ ಬಂದೊಡನೆ ಅವರು ತಡವರಿಸುತ್ತಾರೆ, ಅಂಚೆಪೆಟ್ಟಿಗೆ ಮನೆಯ ಯಾವ ಬದಿಗಿತ್ತು ಎಂದು ಯೋಚಿಸುತ್ತಾರೆ, ಕಾಗದವನ್ನು ಮೊದಲು ಯಾರು ನೋಡಿದರು ಎಂಬುದನ್ನು ಹೇಳಿ ತಾವೇ ತಿದ್ದಿಕೊಳ್ಳುತ್ತಾರೆ.

ಯಾವ ಯುದ್ಧದವರು ಎಂಬುದರ ಮೇಲೆ ಈ ನೆನಪಿನ ಬಣ್ಣ ಬದಲಾಗುತ್ತದೆ, ಅದಕ್ಕೆ ಕಾರಣ ಇತಿಹಾಸದಲ್ಲಿದೆ. 1940ರ ಸೆಪ್ಟೆಂಬರ್ 16ರಂದು ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಕಾಯಿದೆಯಿಂದ ಅಮೆರಿಕದಲ್ಲಿ ಮೊದಲ ಬಾರಿಗೆ ಶಾಂತಿಕಾಲದ ಕಡ್ಡಾಯ ಭರ್ತಿ ಆರಂಭವಾಯಿತು. ಯಾರನ್ನು ಮೊದಲು ಕರೆಯಬೇಕೆಂದು ತೀರ್ಮಾನಿಸುವ ಲಾಟರಿಯಲ್ಲಿ, ಅಕ್ಟೋಬರ್ 29ರಂದು ಯುದ್ಧ ಕಾರ್ಯದರ್ಶಿ ಹೆನ್ರಿ ಸ್ಟಿಮ್ಸನ್ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಮೊದಲನೆಯ ಮಹಾಯುದ್ಧದ ಭರ್ತಿಗೆ 1917ರಲ್ಲಿ ಬಳಸಿದ್ದ ಅದೇ ಗಾಜಿನ ಬೋಗುಣಿಯಿಂದ ಎತ್ತಿದ ಮೊದಲ ಸಂಖ್ಯೆ 158. 1942ರ ಡಿಸೆಂಬರ್‌ನಲ್ಲಿ, 18ರಿಂದ 37ರ ವಯಸ್ಸಿನವರು ತಾವಾಗಿ ಹೋಗಿ ಸೇರುವುದನ್ನೇ ಸರಕಾರ ನಿಲ್ಲಿಸಿತು. ಯಾರು ಯಾವಾಗ ಹೋಗಬೇಕೆಂಬುದನ್ನು ಕರೆಯೋಲೆಯೇ ತೀರ್ಮಾನಿಸತೊಡಗಿತು. ಆ ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1 ಕೋಟಿ ಮಂದಿ ಹೀಗೆ ಸೇನೆ ಸೇರಿದ್ದರು. ಬೀದಿಗೆ ಬೀದಿಯೇ ಹೊರಟು ನಿಂತಾಗ ಒಬ್ಬನ ಮನೆಗೆ ಬಂದ ಕಾಗದದಲ್ಲಿ ವಿಶೇಷವೇನೂ ಇರುವುದಿಲ್ಲ. ಆದ್ದರಿಂದ ಆ ತಲೆಮಾರಿನವರು ಈ ದಿನವನ್ನು ಎರಡು ವಾಕ್ಯದಲ್ಲಿ ಮುಗಿಸಿಬಿಡುವುದೇ ಹೆಚ್ಚು, ಹಲವರಿಗೆ ನೆನಪಾಗುವುದು ಕಾಗದ ಬರಲು ತಡವಾಗಿ ಪಕ್ಕದ ಮನೆಯವರ ಕಣ್ಣು ತಪ್ಪಿಸಿ ಓಡಾಡಿದ ಮುಜುಗರ. ಆ ಕಾಲದ ಆದೇಶದ ಒಕ್ಕಣೆಯಲ್ಲಿಯೇ ನೆರೆಹೊರೆ ಇತ್ತು: ‘ನಿಮ್ಮ ನೆರೆಹೊರೆಯವರಿಂದ ಕೂಡಿದ ಸ್ಥಳೀಯ ಮಂಡಳಿಯ ಮುಂದೆ ನೀವು ಹಾಜರಾಗಿದ್ದೀರಿ, ಈಗ ಆಯ್ಕೆಯಾಗಿದ್ದೀರಿ’ ಎಂಬುದು ಅದರ ಸಾರ. ಕೋರ್ಟಿನ ಸಮನ್ಸಿಗಿಂತ ಊರ ಪಂಚಾಯಿತಿಯ ತೀರ್ಮಾನದ ಧಾಟಿ ಅದು. ಮಂಡಳಿಯ ಸದಸ್ಯರು ಸಂಬಳವಿಲ್ಲದೆ ದುಡಿಯುವ ಊರಿನವರೇ. ಔಷಧಿ ಅಂಗಡಿಯಲ್ಲೋ ಚರ್ಚಿನಲ್ಲೋ ಎದುರಾಗುವಂಥವರು.

ವಿಯೆಟ್ನಾಂ ಕಾಲದವರ ಹತ್ತು ನಿಮಿಷ ಬೇರೆಯೇ. 1964ರಿಂದ 1973ರವರೆಗೆ ಸುಮಾರು 18 ಲಕ್ಷ ಮಂದಿಯನ್ನು ಕರೆಯಲಾಯಿತು; ಆ ವಯಸ್ಸಿನ ಗಂಡಸರ ಒಟ್ಟು ಸಂಖ್ಯೆಯ ಮುಂದೆ ಇದು ಸಣ್ಣ ಪಾಲು. ಕಾಲೇಜಿನಲ್ಲಿದ್ದವನಿಗೆ 2-ಎಸ್ ಎಂಬ ವಿನಾಯಿತಿ, ದೇಹದಲ್ಲಿ ಊನವಿದ್ದವನಿಗೆ 4-ಎಫ್, ಎಲ್ಲಕ್ಕೂ ಸಿದ್ಧನೆಂದು ಎಣಿಸಿದವನಿಗೆ 1-ಎ. ಐವತ್ತು ವರ್ಷಗಳಾದರೂ ಈ ಅಕ್ಷರಗಳನ್ನು ಅವರು ರಕ್ತದ ಗುಂಪಿನಂತೆ ಒಪ್ಪಿಸುತ್ತಾರೆ. ಎಲ್ಲರಿಗೂ ಬಂದದ್ದಲ್ಲ, ತನಗೆ ಬಂತು. ಏಕೆ ಬಂತು? ಶುಲ್ಕ ಕಟ್ಟಲಾಗದೆ ಒಂದು ಸೆಮಿಸ್ಟರ್ ಕಾಲೇಜು ಬಿಟ್ಟದ್ದಕ್ಕೋ, ಒಂದು ವಿಷಯದಲ್ಲಿ ಫೇಲಾದದ್ದಕ್ಕೋ? ಈ ಲೆಕ್ಕಾಚಾರ ಅವರ ಮಾತಿನಲ್ಲಿ ಇನ್ನೂ ಮುಗಿದಿಲ್ಲ.

1969ರ ಡಿಸೆಂಬರ್ 1ರ ರಾತ್ರಿಯ ಲಾಟರಿಯನ್ನು ಕುರಿತು ಹೇಳುವ ಸಂದರ್ಶನಗಳನ್ನು ನಾನು ವಿಶೇಷವಾಗಿ ಆರಿಸಿ ಕೇಳಿದೆ. ವರ್ಷದ 366 ದಿನಾಂಕಗಳನ್ನು ನೀಲಿ ಪ್ಲಾಸ್ಟಿಕ್ ಗುಳಿಗೆಗಳಲ್ಲಿ ತುಂಬಿ, ಗಾಜಿನ ಜಾಡಿಯಿಂದ ಒಂದೊಂದಾಗಿ ಎತ್ತಿದರು, ಟಿ.ವಿ.ಯಲ್ಲಿ ನೇರ ಪ್ರಸಾರವಾಗುತ್ತಿತ್ತು. ಸಂಸದ ಅಲೆಕ್ಸಾಂಡರ್ ಪರ್ನಿ ಎತ್ತಿದ ಮೊದಲ ಗುಳಿಗೆಯಲ್ಲಿದ್ದದ್ದು ಸೆಪ್ಟೆಂಬರ್ 14. 1944ರಿಂದ 1950ರ ನಡುವೆ ಆ ದಿನ ಹುಟ್ಟಿದವರೆಲ್ಲ 1ನೇ ಸಂಖ್ಯೆಯವರಾದರು, ಜೂನ್ 8ರಂದು ಹುಟ್ಟಿದವರು 366ನೆಯವರಾಗಿ ನಿದ್ದೆ ಮಾಡಿದರು. ಕೊನೆಗೆ ಕರೆ ಹೋದದ್ದು 195ನೇ ಸಂಖ್ಯೆಯವರೆಗೆ. ಗುಳಿಗೆಗಳನ್ನು ತಿಂಗಳ ಕ್ರಮದಲ್ಲಿ ಸುರಿದು ಸರಿಯಾಗಿ ಕಲಸದೆ ಇದ್ದುದರಿಂದ ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರಿಗೆ ಚಿಕ್ಕ ಸಂಖ್ಯೆಗಳೇ ಹೆಚ್ಚಾಗಿ ಬಿದ್ದವು ಎಂಬುದನ್ನು ಸಂಖ್ಯಾಶಾಸ್ತ್ರಜ್ಞರು ಆಮೇಲೆ ಎತ್ತಿ ತೋರಿಸಿದರು, ಮುಂದಿನ ವರ್ಷದ ವಿಧಾನವನ್ನೇ ಬದಲಿಸಬೇಕಾಯಿತು. ಚೆನ್ನಾಗಿ ಕಲಸದ ಚಿತ್ರಾನ್ನದಲ್ಲಿ ಒಬ್ಬನ ತಟ್ಟೆಗೇ ಮೆಣಸಿನಕಾಯಿಯೆಲ್ಲ ಬಿದ್ದ ಹಾಗೆ ಎಂದರೆ ಹಗುರವಾದೀತು, ಆದರೆ ಆದದ್ದು ಅದೇ. ಎಸ್‌ಎಸ್‌ಎಲ್‌ಸಿ ನೋಂದಣಿ ಸಂಖ್ಯೆಯನ್ನು ಸಾಯುವತನಕ ಮರೆಯದವರು ನಮ್ಮಲ್ಲಿದ್ದಾರೆ. ಈ ತಲೆಮಾರಿನ ಅಮೆರಿಕನ್ನರಿಗೆ ಲಾಟರಿಯ ಸಂಖ್ಯೆ ಹಾಗೆ. ಹೆಂಡತಿಯ ಹುಟ್ಟುಹಬ್ಬ ಮರೆತವರೂ ಅದನ್ನು ಥಟ್ಟನೆ ಹೇಳುತ್ತಾರೆ.

ಈಗ ತಕರಾರಿಗೆ ಬರುತ್ತೇನೆ. ಪ್ರತಿಯೊಬ್ಬರ ದಾಖಲೆಯ ಜೊತೆ ಅವರು ಸೇನೆಗೆ ಬಂದ ಬಗೆಯನ್ನು ನಮೂದಿಸಿರುತ್ತಾರೆ: ಕರೆಸಿಕೊಂಡವರು ಅಥವಾ ಸೇರಿದವರು. ಕರೆಯೋಲೆಯ ನೆನಪು ಬೇಕೆಂದು ಮೊದಲಿನ ಗುಂಪನ್ನಷ್ಟೇ ಹಿಡಿದು ಹೊರಟರೆ ಅರ್ಧ ಕತೆ ತಪ್ಪಿಹೋಗುತ್ತದೆ. ಏಕೆಂದರೆ ದೈಹಿಕ ಪರೀಕ್ಷೆಗೆ ಬರಹೇಳುವ ಕಾಗದ ಕೈಸೇರಿದ ಮೇಲೆಯೋ, ಲಾಟರಿಯಲ್ಲಿ ಚಿಕ್ಕ ಸಂಖ್ಯೆ ಬಿದ್ದ ಮೇಲೆಯೋ, ಇನ್ನು ತಪ್ಪಿದ್ದಲ್ಲವೆಂದು ತಿಳಿದು, ಭೂಸೇನೆಯ ಕಾಲಾಳಾಗುವುದಕ್ಕಿಂತ ಹಡಗೋ ವಿಮಾನದಳವೋ ಲೇಸೆಂದು ಓಡಿಹೋಗಿ ನೌಕಾಪಡೆಗೋ ವಾಯುಪಡೆಗೋ ಸೇರಿದವರು ಅಪಾರ. ಕಾಗದದ ಮೇಲೆ ಅವರೆಲ್ಲ ಸ್ವಇಚ್ಛೆಯವರು. ಕರೆಯೋಲೆಯನ್ನು ಅತ್ಯಂತ ವಿವರವಾಗಿ, ದಿನ ಗಂಟೆಗಳ ಸಮೇತ ನೆನಪಿಟ್ಟುಕೊಂಡಿರುವವರು ಬಹುಪಾಲು ಇವರೇ ಎಂಬುದು ನನ್ನ ಅನುಭವ. ಕಾಲಾಳುಗಳಲ್ಲಿಯೂ ಈ ಭೇದ ಮೈಗಂಟಿಕೊಂಡಿತ್ತು. 1969ರ ಮಧ್ಯದವರೆಗೆ ಕರೆಸಿಕೊಂಡವರ ಸೇವಾ ಸಂಖ್ಯೆಯ ಮುಂದೆ ‘ಯುಎಸ್’ ಎಂದೂ, ತಾವಾಗಿ ಸೇರಿದವರದಕ್ಕೆ ‘ಆರ್‌ಎ’ ಎಂದೂ ಇರುತ್ತಿತ್ತು. ಎರಡನೆಯವರು ಮೊದಲನೆಯವರನ್ನು ಎರಡು ವರ್ಷದ ಅತಿಥಿಗಳೆಂಬಂತೆ ಕಾಣುತ್ತಿದ್ದರು.

ಇನ್ನೊಂದು ಕೊರತೆ ಯೋಜನೆಯ ಚೌಕಟ್ಟಿನಲ್ಲೇ ಇದೆ. ಇದು ಸೇವೆ ಸಲ್ಲಿಸಿದವರ ಸಂಗ್ರಹ. ಅದೇ ಕಾಗದವನ್ನು ಕೈಯಲ್ಲಿ ಹಿಡಿದು ಕೆನಡಾದ ಗಡಿ ದಾಟಿದವನ ನೆನಪನ್ನು, ಜೈಲಿಗೆ ಹೋದವನ ನೆನಪನ್ನು ಇಲ್ಲಿ ಹುಡುಕುವಂತಿಲ್ಲ. 1967ರ ಏಪ್ರಿಲ್ 28ರಂದು ಹೂಸ್ಟನ್ನಿನ ಭರ್ತಿ ಕೇಂದ್ರದಲ್ಲಿ ತನ್ನ ಹೆಸರು ಕೂಗಿದಾಗ ಹೆಜ್ಜೆ ಮುಂದಿಡಲು ಒಪ್ಪದ ಮುಹಮ್ಮದ್ ಅಲಿಗೆ ಬಂದದ್ದೂ ಕರೆಯೋಲೆಯೇ. ನಾಲ್ಕು ವರ್ಷಗಳ ನಂತರ ಸುಪ್ರೀಂ ಕೋರ್ಟು ಅವರ ಶಿಕ್ಷೆಯನ್ನು ರದ್ದು ಮಾಡಿತು. ಹೋದವರ ಮತ್ತು ಹೋಗದವರ ನೆನಪುಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಬೇಕೆಂದರೆ ಬೇರೆ ಸಂಗ್ರಹಗಳನ್ನೂ ಹುಡುಕಿಕೊಂಡು ಹೋಗಬೇಕು. ಲಕೋಟೆಯನ್ನು ಮೊದಲು ಮುಟ್ಟಿದ ತಾಯಂದಿರು, ಹೆಂಡಂದಿರು ಸಹ ಇಲ್ಲಿ ಬರುವುದು ಹೆಚ್ಚಾಗಿ ಮಕ್ಕಳ, ಗಂಡಂದಿರ ಬಾಯಲ್ಲಿ.

ಉಳಿದವು ಸಣ್ಣವು, ಬೇಗ ಹೇಳಿಬಿಡುತ್ತೇನೆ. ಎಲ್ಲ ಸಂದರ್ಶನಗಳೂ ಅಂತರ್ಜಾಲದಲ್ಲಿ ಸಿಗುವುದಿಲ್ಲ, ಕೆಲವನ್ನು ಮೊದಲೇ ತಿಳಿಸಿ ವಾಷಿಂಗ್ಟನ್ನಿಗೆ ಹೋಗಿಯೇ ಕೇಳಬೇಕು. ಸಂದರ್ಶನ ಮಾಡುವವರು ಸ್ವಯಂಸೇವಕರಾದ್ದರಿಂದ ಗುಣಮಟ್ಟ ಏರಿಳಿಯುತ್ತದೆ; ಮುದುಕರು ಕಾಗದ ಬಂದ ಬೆಳಗನ್ನು ನೆನೆಯಲು ಬಾಯಿ ತೆರೆಯುವಷ್ಟರಲ್ಲಿ “ತರಬೇತಿ ಎಲ್ಲಾಯಿತು?” ಎಂದು ಮುಂದಕ್ಕೆ ಓಡುವವರ ಮೇಲೆ ಸಿಟ್ಟು ಬರುತ್ತದೆ. ಆದರೂ 5ಕ್ಕೆ 4 ಅಂಕ ಕೊಡುತ್ತೇನೆ. 1973ರ ಜುಲೈನಲ್ಲಿ ಸೇಂಟ್ ಲೂಯಿಸ್ ನಗರದ ಸೇನಾ ದಾಖಲೆಗಳ ಕಟ್ಟಡಕ್ಕೆ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಕಡತಗಳು ಸುಟ್ಟುಹೋದವು. 1912ರಿಂದ 1960ರ ಆರಂಭದವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಶೇ. 80ರಷ್ಟು ಹೋದವು. ಅವರಲ್ಲಿ ಅನೇಕರ ಮಟ್ಟಿಗೆ ಬಾಯಿಮಾತೇ ಈಗ ಕಡತ.

ಒಪ್ಪಿಸುವವನಾಗಿ ನನ್ನ ಅನುಭವವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಎಂಬತ್ತರ ಅಂಚಿನ ದಂಪತಿಗಳಿದ್ದಾರೆ. ಗಂಡ 1967ರಲ್ಲಿ ಕರೆಸಿಕೊಂಡವರು, ಎರಡು ವರ್ಷ ಜರ್ಮನಿಯಲ್ಲಿ ಲಾರಿಗಳ ರಿಪೇರಿ ಮಾಡಿ ಹಿಂದಿರುಗಿದವರು. “ನಾನು ಗುಂಡು ಹಾರಿಸಿದವನಲ್ಲ, ನನ್ನನ್ನು ಯಾರು ಕೇಳುತ್ತಾರೆ?” ಎಂದು ಒಪ್ಪದವರನ್ನು, ಯುದ್ಧಭೂಮಿ ಕಂಡಿರಲೇಬೇಕೆಂಬ ನಿಯಮ ಈ ಯೋಜನೆಯಲ್ಲಿಲ್ಲ ಎಂದು ಒಪ್ಪಿಸಿದೆ. ನಿಯಮಗಳು ಸರಳ: ಸಂದರ್ಶನ ಕನಿಷ್ಠ 30 ನಿಮಿಷ ಇರಬೇಕು, ಕತ್ತರಿಸಿ ಜೋಡಿಸುವಂತಿಲ್ಲ, ವೈಯಕ್ತಿಕ ವಿವರಗಳ ನಮೂನೆಯನ್ನು ತುಂಬಿ, ಮಾತನಾಡಿದವರೂ ಕೇಳಿದವರೂ ಒಪ್ಪಿಗೆಯ ಪತ್ರಗಳಿಗೆ ಸಹಿ ಹಾಕಬೇಕು. ಸರಕಾರಿ ಅಂಚೆಯ ಭದ್ರತಾ ತಪಾಸಣೆಯಲ್ಲಿ ಸಾಮಗ್ರಿ ಹಾಳಾಗಬಹುದೆಂದು ಖಾಸಗಿ ಕೊರಿಯರಿನಲ್ಲಿ ಕಳಿಸಲು ಹೇಳುತ್ತಾರೆ. ಕರೆಯೋಲೆಯನ್ನು ತಪ್ಪದೆ ಮನೆಗೆ ಮುಟ್ಟಿಸಿದ ಅಂಚೆಗೆ ಅದರ ನೆನಪನ್ನು ಒಪ್ಪಿಸುವಂತಿಲ್ಲ ಎಂದು ಹೇಳಿದಾಗ ಅವರು ಬಹಳ ಹೊತ್ತು ನಕ್ಕರು.

ಅವರ ಅಡುಗೆಮನೆಗೆ ಹೊಂದಿಕೊಂಡ ಪಡಸಾಲೆಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಧ್ವನಿಮುದ್ರಣ ಶುರು ಮಾಡಿದೆ. ಕಾಗದ ‘ಗ್ರೀಟಿಂಗ್ಸ್’ ಎಂದು ಶುರುವಾಗುತ್ತಿತ್ತು, ಅಧ್ಯಕ್ಷರೇ ಹುಟ್ಟುಹಬ್ಬಕ್ಕೆ ಶುಭಾಶಯ ಕಳಿಸಿದಂತಿತ್ತು ಎಂದು ಅವರು ಹೇಳಿದರು. ನಾನು ಕೇಳಿದ ಮುದುಕರಲ್ಲಿ ಬಹುಮಂದಿ ಹಾಗೆಯೇ ಹೇಳುತ್ತಾರೆ. ಆ ಆದೇಶದ ಹಳೆಯ ಪ್ರತಿಗಳನ್ನು ನೋಡಿದರೆ ಅಲ್ಲಿರುವುದು ಬಹುವಚನವಲ್ಲ, ‘ಗ್ರೀಟಿಂಗ್’ ಎಂಬ ಏಕವಚನ, ಹಳೆಯ ರಾಜಾಜ್ಞೆಗಳ ಶೈಲಿಯದು. ಬರುವಾಗ ಆದೇಶವನ್ನು ಜೊತೆಗೆ ತರತಕ್ಕದ್ದು ಎಂದು ಅದರಲ್ಲೇ ಬರೆದಿದ್ದರಿಂದ ಎಷ್ಟೋ ಮನೆಗಳಲ್ಲಿ ಕಾಗದ ಉಳಿಯಲಿಲ್ಲ. ತಿದ್ದುವವರಿಲ್ಲದ ಒಂದು ‘ಸ್’ ಅಕ್ಷರ ಒಂದು ಇಡೀ ತಲೆಮಾರಿನ ನೆನಪಿನಲ್ಲಿ ಸೇರಿಕೊಂಡಿತು. ನಾನೂ ತಿದ್ದಲು ಹೋಗಲಿಲ್ಲ.

“ಅವತ್ತು ಅಂಚೆಪೆಟ್ಟಿಗೆ ತೆಗೆದದ್ದು ನಾನೇ” ಎಂದು ಅವರು ಹೇಳುತ್ತಿದ್ದಾಗ ಒಳಗಿನಿಂದ, ನಲ್ಲಿಯ ನೀರಿನ ಸದ್ದಿನ ನಡುವೆ, ಹೆಂಡತಿಯ ಧ್ವನಿ ಬಂತು: “ಅಲ್ಲ, ನಾನು ತೆಗೆದದ್ದು. ಮಧ್ಯಾಹ್ನದವರೆಗೆ ನಿಮಗೆ ಹೇಳಲಿಲ್ಲ.” ಅವರು ಒರೆಸುವ ಬಟ್ಟೆ ಹಿಡಿದುಕೊಂಡೇ ಬಾಗಿಲಿಗೆ ಬಂದು, ಮದುವೆಯಾದವರು ವಿವಾಹದ ಪ್ರಮಾಣಪತ್ರ ತರಬೇಕೆಂದು ಆ ಕಾಗದದಲ್ಲಿ ಬರೆದಿತ್ತೆಂದೂ, ಮದುವೆಯಾಗಿ ವರ್ಷವೂ ತುಂಬದ ತಮಗೆ ಅದನ್ನು ಎಲ್ಲಿಟ್ಟಿದ್ದೇವೆಂದೇ ತಿಳಿಯದೆ ಎರಡು ದಿನ ಪೆಟ್ಟಿಗೆಗಳನ್ನೆಲ್ಲ ಸುರಿದು ಹುಡುಕಿದೆವೆಂದೂ, ಮೂರು ದಿನಕ್ಕಾಗುವಷ್ಟು ಒಗೆದ ಬಟ್ಟೆ, ಒಂದು ತಿಂಗಳ ಕೈಖರ್ಚಿನ ಹಣ ತರಬೇಕೆಂದು ಬರೆದಿದ್ದರಿಂದ ಆ ಹಣವನ್ನು ತಾವು ಅಕ್ಕನಿಂದ ಸಾಲ ತಂದೆವೆಂದೂ ಒಂದೇ ಉಸಿರಿನಲ್ಲಿ ಹೇಳಿದರು. ಆದೇಶದ ಪ್ರತಿಗಳೊಡನೆ ಆಮೇಲೆ ಹೋಲಿಸಿ ನೋಡಿದೆ, ಅವರು ಹೇಳಿದ ಸೂಚನೆಗಳೆಲ್ಲ ಅಲ್ಲಿವೆ. ಗಂಡ ಬಾಯಿ ತೆರೆದವರು ಹಾಗೆಯೇ ಕೂತಿದ್ದರು. ಸಾಲದ ವಿಷಯ ಅವರಿಗೂ ಅಂದೇ ತಿಳಿದದ್ದು.

ಕತ್ತರಿಸುವಂತಿಲ್ಲ ಎಂಬ ನಿಯಮವಿರುವುದರಿಂದ ಎಂಟನೆಯ ನಿಮಿಷದಿಂದ ಹನ್ನೊಂದನೆಯ ನಿಮಿಷದವರೆಗೆ ಆಕೆಯ ಧ್ವನಿ, ನಲ್ಲಿಯ ಸದ್ದಿನ ಸಮೇತ, ನಾನು ಕಳಿಸಿದ ಪ್ರತಿಯಲ್ಲಿದೆ. ನಮೂನೆಯಲ್ಲಿ ಸೈನಿಕನ ಹೆಸರಿಗೆ ಒಂದು ಸಾಲು, ಸಂದರ್ಶಕನ ಹೆಸರಿಗೆ ಒಂದು ಸಾಲು ಇತ್ತು. ನಾನು ಅಂಚಿನಲ್ಲಿ ಪೆನ್ನಿನಿಂದ ಆಕೆಯ ಹೆಸರನ್ನೂ ಬರೆದು ಕೊರಿಯರಿಗೆ ಕೊಟ್ಟೆ.